ಟರ್ಫ್ ಹಾಸುವ ಮೊದಲು ಜುಲೈಯಲ್ಲೊಂದು ಗುಂಡಿ ತೋಡಿ

ಕ್ಲಬ್ಬಿನ ಮೀಟಿಂಗಿನಲ್ಲಿ 'ನಮ್ಮ ಮೈದಾನಕ್ಕೆ ಟರ್ಫ್ ಮಾಡೋಣ' ಎಂದಾಗ ಎಲ್ಲರೂ ಕೈ ಎತ್ತಿದರು. ನನಗೆ ಅನುಮಾನ ಬಂದದ್ದೇ ಆಗ. ಜೆರ್ಸಿಯ ಬಣ್ಣಕ್ಕೆ ಮೂರು ವಾರ ಜಗಳ ಆಡಿದವರು ನಾವು, ಇಷ್ಟು ದೊಡ್ಡ ವಿಷಯಕ್ಕೆ ಐದು ನಿಮಿಷದಲ್ಲಿ ಒಪ್ಪಿಗೆ ಅಂದರೆ ಎಲ್ಲೋ ಎಡವಟ್ಟಾಗಿದೆ ಅಂತಲೇ ಅರ್ಥ. ಚಾ ಕುಡಿಯುವಾಗ ಒಬ್ಬೊಬ್ಬರನ್ನೇ ಕೇಳಿದೆ. ಒಂದು ಕಾಲಕ್ಕೆ ತಾಲೂಕು ತಂಡಕ್ಕೆ ಕ್ರಿಕೆಟ್ ಆಡಿದ ಹಿರಿಯರು 'ಟರ್ಫ್' ಅಂದದ್ದು ಟರ್ಫ್ ಪಿಚ್ಚಿಗೆ, ಅಂದರೆ ಜೇಡಿಮಣ್ಣು ಕೂರಿಸಿ ನಿಜವಾದ ಹುಲ್ಲು ಬೆಳೆಸಿ ರೋಲರ್ ಎಳೆದ ಪಿಚ್ಚಿಗೆ. ಅವರ ಕಾಲದಲ್ಲಿ ಇದ್ದದ್ದು ಎರಡೇ, ತೆಂಗಿನ ನಾರಿನ ಮ್ಯಾಟ್ ಇಲ್ಲವೇ ಟರ್ಫ್. ಕಾಲೇಜು ಹುಡುಗರ ತಲೆಯಲ್ಲಿ ಇದ್ದದ್ದು ಸುತ್ತ ಬಲೆ ಕಟ್ಟಿ, ಮೇಲೆ ಲೈಟು ಹಾಕಿ, ಗಂಟೆಗಿಷ್ಟು ಅಂತ ಬಾಡಿಗೆ ಕೊಡುವ ಬಾಕ್ಸ್. ಫುಟ್‌ಬಾಲ್ ಹುಡುಗರಿಗೆ ಬೇಕಾದದ್ದು ಟೀವಿಯಲ್ಲಿ ಕಾಣುವಂಥ ಪೂರ್ತಿ ಹಸಿರು ಮೈದಾನ. ಒಂದೇ ಶಬ್ದ, ಮೂರು ಕನಸು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಾರವಾರದಿಂದ ಭಟ್ಕಳದವರೆಗೆ ಈಗ ಪ್ರತಿ ಊರಿನ ಯುವಕ ಮಂಡಲವೂ ಇದೇ ಮಾತು ಆಡುತ್ತಿದೆ. ಶಾಸಕರ ಅನುದಾನ ಸಿಗಬಹುದು, ಖೇಲೋ ಇಂಡಿಯಾದಲ್ಲಿ ಅರ್ಜಿ ಹಾಕಬಹುದು, ಯಾವುದಾದರೂ ಕಂಪನಿಯ ಸಿಎಸ್‌ಆರ್ ದುಡ್ಡು ಬರಬಹುದು. ದುಡ್ಡು ಬರುವ ಮೊದಲು, ಬಂದ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿದ್ದರೆ ಒಳ್ಳೇದು ಅಲ್ವಾ? ನನ್ನ ಲೆಕ್ಕದಲ್ಲಿ ನಮ್ಮ ಕರಾವಳಿಯಲ್ಲಿ ಆ ದುಡ್ಡು ಮೇಲಿನ ಹಸಿರಿಗಿಂತ ಮೊದಲು ಕೆಳಗಿನ ಕಲ್ಲಿಗೆ ಹೋಗಬೇಕು.

ಮೊದಲು ಆ ಹಸಿರು ಏನು ಅಂತ ನೋಡೋಣ. ಅದು ಪ್ಲಾಸ್ಟಿಕ್. ನಮ್ಮ ಬಲೆಯ ಹಗ್ಗ, ಕೊಡ, ಚೀಲಗಳ ಸಂಬಂಧಿಕನೇ. ಫುಟ್‌ಬಾಲಿಗೆ ಹಾಸುವುದರಲ್ಲಿ ಎಳೆಗಳು ಹೆಚ್ಚಾಗಿ ಪಾಲಿಎಥಿಲೀನಿನವು. ಆ ಎಳೆಗಳನ್ನು ಒಂದು ದಪ್ಪ ಬಟ್ಟೆಗೆ ಹೊಲಿದು, ಬಟ್ಟೆಯ ಹಿಂಬದಿಗೆ ಅಂಟು ಬಳಿದು, ನೀರು ಇಳಿಯಲಿ ಅಂತ ತೂತು ಕೊರೆದಿರುತ್ತಾರೆ. ಬರುವುದು ಸುಮಾರು 4 ಮೀಟರ್ ಅಗಲದ ಸುರುಳಿಯಾಗಿ, ಮದುವೆ ಮನೆಯ ಕಾರ್ಪೆಟ್ ಹಾಗೆಯೇ. ಅಕ್ಕಪಕ್ಕ ಹಾಸಿ, ಕೂಡಿಸುವಲ್ಲಿ ಅಡಿಗೆ ಪಟ್ಟಿ ಇಟ್ಟು ಅಂಟಿಸುತ್ತಾರೆ. ಗುತ್ತಿಗೆದಾರರು 'ಡಿಟೆಕ್ಸ್ ಇಷ್ಟು' ಅಂತ ದೊಡ್ಡ ಸಂಖ್ಯೆ ಹೇಳಿ ಹೆದರಿಸುತ್ತಾರೆ, ಅದು ಸುಮ್ನೆ ಎಳೆಯ ತೂಕ. 10,000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೆ ಅಂತ, ಅಷ್ಟೇ. ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ಹಾಸು ಒಳ್ಳೇದಲ್ಲ. ಹೊಲಿಗೆ ಎಷ್ಟು ಒತ್ತಾಗಿದೆ, ಎಳೆ ಹಿಡಿದು ಜಗ್ಗಿದರೆ ಕಿತ್ತು ಬರುತ್ತದೋ ಇಲ್ಲವೋ, ಅದನ್ನೂ ನೋಡಬೇಕು. ಸ್ಯಾಂಪಲ್ ತುಂಡು ತಂದುಕೊಟ್ಟರೆ ನಾಚಿಕೆ ಬಿಟ್ಟು ಜಗ್ಗಿ ನೋಡಿ.

ಬರೀ ಎಳೆ ಇದ್ದರೆ ಆಡಲಾಗುವುದಿಲ್ಲ, ಮಲಗಿಬಿಡುತ್ತದೆ. ಅದನ್ನು ನಿಲ್ಲಿಸಲು ಎಳೆಗಳ ನಡುವೆ ಮರಳು ಸುರಿಯುತ್ತಾರೆ, ಅದರ ಮೇಲೆ ರಬ್ಬರ್ ಕಾಳು. ಮರಳು ತನ್ನ ಭಾರದಿಂದ ಹಾಸನ್ನು ಹಿಡಿದಿಡುತ್ತದೆ, ಬಿದ್ದಾಗ ಮೈಗೆ ಪೆಟ್ಟು ಕಡಿಮೆ ಮಾಡುವುದು ರಬ್ಬರ್. ಎಳೆಯ ಉದ್ದ 50 ಮಿಮೀ ಅಂದುಕೊಂಡರೆ ಹೊರಗೆ ಕಾಣುವುದು ಅದರ ತುದಿ ಮಾತ್ರ, ಉಳಿದದ್ದೆಲ್ಲ ಮರಳು ಮತ್ತು ರಬ್ಬರಿನಲ್ಲಿ ಹೂತಿರುತ್ತದೆ. ಈ ರಬ್ಬರ್ ಹೆಚ್ಚಾಗಿ ಹಳೇ ಟಯರ್ ಪುಡಿ. ಪೂರ್ತಿ ಅಳತೆಯ ಒಂದು ಫುಟ್‌ಬಾಲ್ ಮೈದಾನಕ್ಕೆ ಇದು ಸುಮಾರು 100 ಟನ್ ಬೇಕಾಗುತ್ತದೆ. ಹೌದು, ಟನ್. ಮರಳು ಅಂದಕೂಡಲೇ ನಮ್ಮವರೊಬ್ಬರು 'ಕಡಲು ಪಕ್ಕದಲ್ಲೇ ಇದೆಯಲ್ಲ ಮಾರಾಯ' ಅಂದರು. ಬೇಡ. ಕಡಲ ಮರಳಿನಲ್ಲಿ ಉಪ್ಪು, ಚಿಪ್ಪಿನ ಚೂರು, ದೂಳು ಎಲ್ಲ ಇರುತ್ತದೆ. ಇಲ್ಲಿ ಬೇಕಾದದ್ದು ತೊಳೆದು ಜರಡಿ ಹಿಡಿದ, ಮೂಲೆ ಸವೆದ ಸಿಲಿಕಾ ಮರಳು. ಅಲ್ಲದೆ ದಂಡೆಯಿಂದ ಮರಳು ಎತ್ತಿದರೆ ಟರ್ಫ್‌ಗೆ ಮೊದಲು ಪೊಲೀಸರು ಬರುತ್ತಾರೆ.

ಹಾಕಿಯವರ ಟರ್ಫ್ ಬೇರೆಯೇ. ಅದು ಗಿಡ್ಡ ಎಳೆಯದು, ಕಾಳು ಇಲ್ಲದ್ದು, ನೀರು ಹೊಡೆದು ಆಡುವಂಥದ್ದು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹಾಕಿಯನ್ನು ಕೃತಕ ಹಾಸಿನ ಮೇಲೆ ಆಡಿಸಿದರು, ಭಾರತ 7ನೇ ಸ್ಥಾನಕ್ಕೆ ಇಳಿಯಿತು. ಹಾಕಿಗೆ ಟರ್ಫ್ ಇಲ್ಲದಿದ್ದರೆ ಮುಂದೆ ಹೋಗುವ ದಾರಿಯೇ ಇಲ್ಲ. ಫುಟ್‌ಬಾಲ್ ಹಾಗಲ್ಲ, ಒಳ್ಳೆ ಹುಲ್ಲಿನ ಮೈದಾನವನ್ನೇ ಇವತ್ತಿಗೂ ದೊಡ್ಡ ಆಟಗಾರರು ಕೇಳುತ್ತಾರೆ. 2015ರಲ್ಲಿ ಕೆನಡಾದಲ್ಲಿ ಮಹಿಳೆಯರ ವಿಶ್ವಕಪ್ ಪೂರ್ತಿ ಕೃತಕ ಹಾಸಿನ ಮೇಲೆ ನಡೆಸಲು ಹೊರಟಾಗ ಆಟಗಾರ್ತಿಯರು ಕಾನೂನು ಹೋರಾಟಕ್ಕೇ ಇಳಿದಿದ್ದರು. ನಮ್ಮ ಹುಡುಗರು ಆಡುವುದು ಫುಟ್‌ಬಾಲ್, ಟೆನ್ನಿಸ್ ಬಾಲ್ ಕ್ರಿಕೆಟ್, ವಾಲಿಬಾಲ್, ಆಮೇಲೆ ವರ್ಷಕ್ಕೊಮ್ಮೆ ಹೊನಲು ಬೆಳಕಿನ ಕಬಡ್ಡಿ. ಈ ಪ್ಲಾಸ್ಟಿಕ್ ಎಳೆಯ ಮೇಲೆ ಕಬಡ್ಡಿ ಆಡಿಸಿದರೆ ಮಂಡಿ ಮೊಣಕೈ ಚರ್ಮ ಉಳಿಯುವುದಿಲ್ಲ, ಅದಕ್ಕೆ ಮ್ಯಾಟೇ ಬೇಕು. ಹಾಗಾಗಿ ಮೊದಲ ಪ್ರಶ್ನೆ, ಯಾವ ಆಟಕ್ಕೆ?

ಈಗ ನೀರಿನ ವಿಷಯ. ನಿಧಾನವಾಗಿ ಓದಿ, ದುಡ್ಡು ಮುಳುಗುವುದು ಇಲ್ಲೇ.

ಟರ್ಫ್ ಕ್ಯಾಟಲಾಗಿನಲ್ಲಿ 'ನೀರು ಕ್ಷಣದಲ್ಲಿ ಇಳಿಯುತ್ತದೆ' ಅಂತ ಇರುತ್ತದೆ. ಸುಳ್ಳಲ್ಲ. ಹಾಸಿನ ತೂತಿನಿಂದ ನೀರು ಇಳಿಯುತ್ತದೆ. ಇಳಿದು ಎಲ್ಲಿಗೆ ಹೋಗಬೇಕು? ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಮೀ ದಾಟಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆಯೇ. ಜುಲೈಯಲ್ಲಿ ದಿನಕ್ಕೆ 100 ಮಿಮೀ ಬಿದ್ದರೆ ನಾವು ಛತ್ರಿ ಹುಡುಕುತ್ತೇವೆ ಅಷ್ಟೇ, ಆಶ್ಚರ್ಯ ಪಡುವುದಿಲ್ಲ. ಈಗ ಲೆಕ್ಕ ಹಾಕಿ. 105 ಮೀಟರ್ ಉದ್ದ, 68 ಮೀಟರ್ ಅಗಲದ ಮೈದಾನ ಅಂದರೆ 7,140 ಚದರ ಮೀಟರ್. ಅದರ ಮೇಲೆ 100 ಮಿಮೀ ಮಳೆ ಬಿದ್ದರೆ 7 ಲಕ್ಷ 14 ಸಾವಿರ ಲೀಟರ್ ನೀರು. 12,000 ಲೀಟರಿನ ಟ್ಯಾಂಕರ್ ಇರುತ್ತದಲ್ಲ, ಅಂಥ ಸುಮಾರು 60 ಟ್ಯಾಂಕರ್. ಒಂದೇ ದಿನ. ಮರುದಿನ ಮತ್ತೆ ಅಷ್ಟೇ. ಇದು ಮೈದಾನದ ಮೇಲೆ ನೇರ ಬಿದ್ದದ್ದು ಮಾತ್ರ. ಪಕ್ಕದ ಗುಡ್ಡದಿಂದ, ರಸ್ತೆಯಿಂದ, ಶಾಲೆಯ ಮಾಡಿನಿಂದ ಹರಿದು ಬರುವುದನ್ನು ಇನ್ನೂ ಎಣಿಸಿಲ್ಲ.

ಅದಕ್ಕೆ ಹಾಸಿನ ಕೆಳಗೆ ಒಂದು ಪೂರ್ತಿ ರಸ್ತೆಯನ್ನೇ ಕಟ್ಟಬೇಕಾಗುತ್ತದೆ. ಮೇಲಿನ ಮೆತ್ತನೆ ಮಣ್ಣು ಎತ್ತಿ ಹೊರಗೆ ಹಾಕಬೇಕು. ಕೆಳಗಿನ ನೆಲಕ್ಕೆ ಇಳಿಜಾರು ಕೊಟ್ಟು ರೋಲರ್ ಹೊಡೆಸಬೇಕು. ಮಣ್ಣು ಮೇಲೆ ಬಂದು ಕಲ್ಲಿಗೆ ಸೇರದ ಹಾಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಬೇಕು. ಅಲ್ಲಲ್ಲಿ ಚರಂಡಿ ತೋಡಿ ತೂತಿನ ಪೈಪ್ ಇಡಬೇಕು. ಅದರ ಮೇಲೆ ದಪ್ಪ ಜಲ್ಲಿ, ಆಮೇಲೆ ಸಣ್ಣ ಜಲ್ಲಿ, ಪ್ರತಿ ಪದರಕ್ಕೂ ರೋಲರ್. ಕೊನೆಗೆ 3 ಮೀಟರ್ ಉದ್ದದ ನೇರ ಪಟ್ಟಿಯನ್ನು ಎಲ್ಲಿ ಇಟ್ಟರೂ ಅದರ ಅಡಿಯಲ್ಲಿ 10 ಮಿಮೀಗಿಂತ ಜಾಸ್ತಿ ತಗ್ಗು ಕಾಣಬಾರದು. ಗಾರೆ ಕೆಲಸದವರ ಹತ್ತಿರ ಅಲ್ಯೂಮಿನಿಯಂ ಪಟ್ಟಿ ಇರುತ್ತದೆ, ತಂದು ನೀವೇ ಇಟ್ಟು ನೋಡಬಹುದು. ಹಾಸು ಹಾಕಿದ ಮೇಲೆ ಕೆಳಗಿನ ತಪ್ಪು ಯಾರಿಗೂ ಕಾಣುವುದಿಲ್ಲ, ಮಳೆಗೆ ಮಾತ್ರ ಕಾಣುತ್ತದೆ.

ಇಲ್ಲಿ ನಮ್ಮ ಕಡೆಯ ಒಂದು ಚಾಳಿ ಹೇಳಲೇಬೇಕು. ತಗ್ಗು ತುಂಬಿಸಲು ಚಿರೆಕಲ್ಲಿನ ಪುಡಿ, ಕೆಂಪು ಮಣ್ಣು ಸುರಿಯುವುದು. ಅಗ್ಗ, ಹತ್ತಿರದಲ್ಲೇ ಸಿಗುತ್ತದೆ, ಏಪ್ರಿಲ್‌ನಲ್ಲಿ ರೋಲರ್ ಹೊಡೆದರೆ ಸಿಮೆಂಟಿನ ಹಾಗೆ ಗಟ್ಟಿ. ಆರಿದ್ರಾ ಮಳೆ ಹಿಡಿದ ಮೇಲೆ ನೋಡಿ, ಅಂಬಲಿ. ಆ ಸಣ್ಣ ಪುಡಿ ಜಲ್ಲಿಯ ಸಂದಿಗೆ, ಪೈಪಿನ ತೂತಿಗೆ ಹೋಗಿ ಕೂತರೆ ನೀರು ಇಳಿಯುವುದೇ ನಿಂತುಹೋಗುತ್ತದೆ. ಪಕ್ಕದ ಊರಿನಲ್ಲಿ ಒಂದು ಸಣ್ಣ ಬಾಕ್ಸ್ ಇದೆ, ಯಾರದ್ದು ಅಂತ ಬೇಡ. ಬೇಸಿಗೆಯಲ್ಲಿ ತೆರೆದರು, ನಾವೂ ಹೋಗಿ ಆಡಿದೆವು, ಚೆನ್ನಾಗಿಯೇ ಇತ್ತು. ಜೂನ್ ಮೂರನೇ ವಾರ ಹೋದಾಗ ಗೋಲಿನ ಮುಂದೆ ಹಾಸು ಹಾಸಿಗೆಯ ಹಾಗೆ ಉಬ್ಬಿತ್ತು. ಕಾಲಿಟ್ಟರೆ ಅಡಿಯಿಂದ ಬುಳುಕ್ ಅಂತ ಸದ್ದು, ಇನ್ನೊಂದು ಕಡೆ ನೀರು ಚಿಮ್ಮುತ್ತದೆ. ಹೊರಗಿನ ಗಟಾರದಲ್ಲಿ ನೀರಿನ ಮೇಲೆ ಕಪ್ಪು ಕಪ್ಪಗೆ ಏನೋ ತೇಲುತ್ತಿತ್ತು. ಇರುವೆ ಸಾಲು ಅಂದುಕೊಂಡೆ. ಕೈಯಲ್ಲಿ ಎತ್ತಿದರೆ ರಬ್ಬರ್ ಕಾಳು.

ಆಮೇಲೆ ನಾವು ಒಂದು ಕೆಲಸ ಮಾಡಿದೆವು, ಖರ್ಚಿಲ್ಲದ್ದು. ಜುಲೈಯಲ್ಲಿ ನಮ್ಮ ಮೈದಾನದ ನಾಲ್ಕು ಮೂಲೆ, ಒಂದು ನಡು, ಐದು ಕಡೆ ಎರಡೆರಡು ಅಡಿ ಆಳದ ಗುಂಡಿ ತೋಡಿದೆವು. ಯೋಜನೆ ಏನಪ್ಪಾ ಅಂದರೆ ಗುಂಡಿಗೆ ಕೊಡದಲ್ಲಿ ನೀರು ಹಾಕುವುದು, ಎಷ್ಟು ಹೊತ್ತಿಗೆ ಇಂಗುತ್ತದೆ ಅಂತ ಮೊಬೈಲಿನಲ್ಲಿ ಟೈಮ್ ನೋಡುವುದು. ಶಾಲೆಯ ಬದಿಯ ಎರಡು ಗುಂಡಿಗಳಲ್ಲಿ ನೀರು ಮೆಲ್ಲಗೆ ಇಂಗಿತು. ಹೊಳೆಯ ಬದಿಯ ಗುಂಡಿಗೆ ಕೊಡ ಎತ್ತುವ ಮೊದಲೇ ಅದು ತಾನಾಗಿಯೇ ತುಂಬಲು ಶುರುವಾಯಿತು, ಅಡಿಯಿಂದ! ನಮ್ಮ ಮೈದಾನ ಅಘನಾಶಿನಿಯ ಬದಿಗಿದೆ, ಹಿಂದೆ ಗಜನಿ ಗದ್ದೆ, ಅಂದರೆ ಹೊಳೆಯ ಉಪ್ಪುನೀರು ಹತ್ತುವ ತಗ್ಗು ಗದ್ದೆ. ಮಳೆಗಾಲದಲ್ಲಿ ನೆಲದ ನೀರು ಎರಡು ಅಡಿಗೇ ಬಂದು ಕೂತಿರುತ್ತದೆ. ಅಂಥ ಕಡೆ ಕೆಳಗೆ ಪೈಪ್ ಇಟ್ಟರೆ ಅದು ನೀರನ್ನು ಹೊರಗೆ ಒಯ್ಯುವ ಬದಲು ಒಳಗೆ ತಂದರೂ ತಂದಿತು. ಪೈಪಿನ ಬಾಯಿಯನ್ನು ಹೊಳೆಯ ಕಡೆಗೇ ಬಿಟ್ಟರೆ ಉಬ್ಬರದ ಹೊತ್ತಿಗೆ ನೀರು ಮೇಲೇರಿ ಬಾಯಿ ಮುಚ್ಚುತ್ತದೆ. ಜೋರು ಮಳೆ, ಜೋರು ಉಬ್ಬರ ಎರಡೂ ಒಟ್ಟಿಗೇ ಬಂದ ದಿನ ಆ 60 ಟ್ಯಾಂಕರ್ ನೀರು ಎಲ್ಲಿಗೂ ಹೋಗುವುದಿಲ್ಲ. ಅಂದರೆ ಅಲ್ಲಿ ಮೈದಾನವನ್ನೇ ಎತ್ತರಿಸಬೇಕು, ಸುತ್ತ ಆಳದ ಕಾಲುವೆ ಮಾಡಬೇಕು, ಎತ್ತರಿಸಿದರೆ ಪಕ್ಕದವರ ಅಂಗಳಕ್ಕೆ ನೀರು ನುಗ್ಗುತ್ತದೋ ಅಂತ ನೋಡಬೇಕು. ಈ ಖರ್ಚು ಯಾವ ಕ್ಯಾಟಲಾಗಿನಲ್ಲೂ ಇರುವುದಿಲ್ಲ. ತಗ್ಗಿನ ಜಾಗದಲ್ಲಿ ಅಡಿಪಾಯದ ಬಿಲ್ಲು ಹಾಸಿನ ಬಿಲ್ಲನ್ನು ದಾಟಿದರೆ ಆಶ್ಚರ್ಯವಿಲ್ಲ. ಶಿರಸಿಯ ಗೆಳೆಯನಿಗೆ ಫೋನ್ ಮಾಡಿದೆ, ಅವನದು ಉಲ್ಟಾ ಕತೆ. ಅವರ ಮೈದಾನ ಗುಡ್ಡದ ಮಗ್ಗುಲಲ್ಲಿ, ನೀರು ನಿಲ್ಲುವುದೇ ಇಲ್ಲ, ಆದರೆ ಮೇಲಿನಿಂದ ಕೆಂಪು ಕೆಸರು ಇಳಿದು ಬರುತ್ತದೆ. ಟರ್ಫ್ ಮಾಡಿದರೆ ಅವರಿಗೆ ಮೊದಲು ಬೇಕಾದದ್ದು ಮೇಲ್ಬದಿಗೊಂದು ಅಡ್ಡ ಗಟಾರ. ಇಲ್ಲದಿದ್ದರೆ ಕೆಸರು ಕಾಳಿನ ನಡುವೆ ಕೂತು ಎರಡೇ ವರ್ಷಕ್ಕೆ ಹಾಸು ನೀರು ಕುಡಿಯುವುದು ಬಿಡುತ್ತದೆ.

ಸಮುದ್ರದ ಬದಿಯ ಮೈದಾನವಾದರೆ ಇನ್ನೊಂದು ಕಾಗದ ನೋಡಿಕೊಳ್ಳಿ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ಕಡಲ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗಿನ ಜಾಗಕ್ಕೆ ಕೈ ಹಾಕುತ್ತದೆ. ಮಣ್ಣು ತುಂಬಿಸಿ ಎತ್ತರಿಸುವ ಮೊದಲು ಕೇಳಿಕೊಳ್ಳುವುದು ವಾಸಿ, ತುಂಬಿಸಿದ ಮೇಲೆ ತೆಗೆಸುವುದಕ್ಕಿಂತ.

ಬಿಸಿಲಿನ ಬಗ್ಗೆ ಜನ ಜಾಸ್ತಿ ಮಾತಾಡುವುದಿಲ್ಲ. ಬಿಸಿಲಿನಲ್ಲಿ ನಿಜವಾದ ಹುಲ್ಲು ಬೆವರಿ ತಣ್ಣಗಿರುತ್ತದೆ, ಪ್ಲಾಸ್ಟಿಕ್ಕಿಗೆ ಆ ವಿದ್ಯೆ ಗೊತ್ತಿಲ್ಲ. ಕಪ್ಪು ರಬ್ಬರ್ ಇದ್ದರಂತೂ ಕಡು ಬಿಸಿಲಿಗೆ ಹಾಸಿನ ಮೇಲ್ಮೈ 60 ಡಿಗ್ರಿ ದಾಟುತ್ತದೆ. ನಮ್ಮ ಹುಡುಗರಲ್ಲಿ ಅರ್ಧ ಜನ ಬರಿಗಾಲಿನಲ್ಲಿ ಆಡುವವರು. ಬೆಳಿಗ್ಗೆ ಆರೂವರೆಗೆ, ಸಂಜೆ ಐದಕ್ಕೆ ಆಡುವ ಕ್ಲಬ್ಬಿಗೆ ಇದು ದೊಡ್ಡ ತೊಂದರೆ ಅಲ್ಲ. ಆದರೆ ಶಾಲೆಯ ಮೈದಾನವಾದರೆ ಮಧ್ಯಾಹ್ನ ಎರಡೂವರೆಯ ಪಿಟಿ ಪೀರಿಯಡ್ ಇದೆಯಲ್ಲ? ನೀರು ಹೊಡೆದು ತಣಿಸಬಹುದು, ಸ್ವಲ್ಪ ಹೊತ್ತು. ಏಪ್ರಿಲ್‌ನಲ್ಲಿ ಬಾವಿ ನೋಡಿಕೊಂಡು ಹೇಳಿ. ಶೂ ಬಗ್ಗೆಯೂ ಒಂದು ಮಾತು. ಹುಲ್ಲಿನ ಮೈದಾನದ ಉದ್ದ ಸ್ಟಡ್, ಅಂದರೆ ಶೂ ಅಡಿಯ ಗುಬುಟು, ಇಲ್ಲಿ ಎಳೆಗೆ ಸಿಕ್ಕಿ ಕಾಲು ಅಲ್ಲೇ ನಿಲ್ಲುತ್ತದೆ, ಮೈ ಮಾತ್ರ ತಿರುಗುತ್ತದೆ, ಮಂಡಿಗೆ ಕೆಟ್ಟದ್ದು. ಗಿಡ್ಡ ಸ್ಟಡ್ ಜಾಸ್ತಿ ಇರುವ ಶೂ ಬೇಕು. ಟರ್ಫ್ ಬಂದ ದಿನ ಪ್ರತಿ ಮನೆಗೂ ಒಂದು ಹೊಸ ಶೂ ಖರ್ಚು ಬಂತು ಅಂತಲೇ ಲೆಕ್ಕ.

ರಬ್ಬರ್ ಕಾಳಿನ ಸಮಸ್ಯೆ ಗಟಾರದಲ್ಲೇ ಮುಗಿಯುವುದಿಲ್ಲ. ಆಡಿ ಮನೆಗೆ ಹೋಗಿ ಶೂ ಬಿಚ್ಚಿದರೆ ಜಗಲಿಯ ಮೇಲೆ ಒಂದು ಚಮಚ ಕಾಳು ಉದುರುತ್ತದೆ. ಸಾಕ್ಸಿನಲ್ಲಿ, ಬಚ್ಚಲಿನಲ್ಲಿ, ನಮ್ಮ ಅಮ್ಮನ ಪ್ರಕಾರ ಅನ್ನದ ತಟ್ಟೆಯಲ್ಲೂ. ಮಳೆಗೆ ಹರಿದು ಹೋದದ್ದು ಹೊಳೆ ಸೇರುತ್ತದೆ. ನಮ್ಮ ಹೊಳೆಯಲ್ಲಿ ಬಳಚು (ತಿನ್ನುವ ಚಿಪ್ಪಿ) ಆರಿಸಿ ಬದುಕುವ ಮನೆಗಳಿವೆ, ಆ ಮನೆಯ ಹುಡುಗರೇ ನಮ್ಮ ತಂಡದಲ್ಲಿ ಆಡುವವರು. ಯುರೋಪಿನ ಒಕ್ಕೂಟ 2023ರಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ಕಿನ ಮೇಲೆ ನಿಯಮ ತಂದು, ಟರ್ಫ್‌ಗೆ ತುಂಬುವ ಇಂಥ ಕಾಳಿನ ಮಾರಾಟವನ್ನು 2031ರ ಅಕ್ಟೋಬರ್‌ನಿಂದ ನಿಲ್ಲಿಸಲು ತೀರ್ಮಾನಿಸಿದೆ. ಅಲ್ಲಿ ಬೇಡವಾದ ಸರಕು ಇಲ್ಲಿಗೆ ಅಗ್ಗವಾಗಿ ಬರಬಹುದು ಅನ್ನುವುದು ನನ್ನ ಹೆದರಿಕೆ, ಅಷ್ಟೇ. ಬದಲಿಗೆ ಕಾರ್ಕ್ ಇದೆ, ತೆಂಗಿನ ನಾರು ಇದೆ. ನಾರು ಅಂದಾಗ ನಮಗೆಲ್ಲ ಖುಷಿಯಾಯಿತು, ನಮ್ಮ ಮನೆ ಸರಕಲ್ವಾ? ಆದರೆ ಹಗುರ ವಸ್ತು ಜೋರು ಮಳೆಗೆ ತೇಲಿ ಒಂದು ಬದಿಗೆ ಹೋಗಿ ರಾಶಿ ಬೀಳುತ್ತದೆ. ಹಾಸಿನ ಅಡಿಗೆ ಮೆತ್ತನೆಯ ಶಾಕ್ ಪ್ಯಾಡ್ ಕೊಟ್ಟು, ಗಿಡ್ಡ ಎಳೆ ಹಾಕಿ, ಮರಳು ಮಾತ್ರ ತುಂಬುವ ಪದ್ಧತಿಯೂ ಇದೆ. ಮೊದಲ ಖರ್ಚು ಜಾಸ್ತಿ. ನಮ್ಮ ಮಳೆಗೆ ನನಗೆ ಅದೇ ಸರಿ ಕಾಣುತ್ತದೆ. ಯಾವುದೇ ಹಾಕಿದರೂ ಸುತ್ತ ಒಂದು ಗೇಣು ಎತ್ತರದ ಕಟ್ಟೆ, ಗಟಾರದ ಬಾಯಿಗೆ ಜಾಳಿಗೆ, ಗೇಟಿನಲ್ಲಿ ಶೂ ಒರೆಸುವ ಬ್ರಷ್, ಇಷ್ಟು ಬೇಕೇ ಬೇಕು.

'ಟರ್ಫ್‌ಗೆ ಖರ್ಚಿಲ್ಲ, ಹಾಕಿ ಮರೆತುಬಿಡಿ' ಅನ್ನುವವರ ಮಾತು ನಂಬಬೇಡಿ. ಎಳೆ ಮಲಗದ ಹಾಗೆ ಆಗಾಗ ಬ್ರಷ್ ಎಳೆಯಬೇಕು. ಗೋಲಿನ ಮುಂದೆ ಕಾಳು ಖಾಲಿಯಾದಲ್ಲಿ ತುಂಬಬೇಕು. ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ, ನಮ್ಮ ಅಂಗಳದ ಕಲ್ಲಿಗೇ ಕಟ್ಟುವಾಗ ಪ್ಲಾಸ್ಟಿಕ್ ಯಾವ ಲೆಕ್ಕ. ಕಡಲ ಗಾಳಿಗೆ ಕಂಬ, ಗೋಲ್ ಪೋಸ್ಟ್ ತುಕ್ಕು ಹಿಡಿಯುತ್ತವೆ. ಇಷ್ಟೆಲ್ಲ ಮಾಡಿದರೂ 8ರಿಂದ 10 ವರ್ಷಕ್ಕೆ ಹಾಸು ಬದಲಿಸಬೇಕು. ಬದಲಿಸಲು 40 ಲಕ್ಷ ಬೇಕು ಅಂದುಕೊಳ್ಳಿ, 8 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 5 ಲಕ್ಷ, ತಿಂಗಳಿಗೆ ಸುಮಾರು 42 ಸಾವಿರ ಎತ್ತಿಡಬೇಕು. ನಮ್ಮ ಕ್ಲಬ್ಬಿನ ಚಂದಾ ತಿಂಗಳಿಗೆ 50 ರೂಪಾಯಿ, ಅದೂ ಎಲ್ಲರೂ ಕೊಟ್ಟರೆ. ಹಾಗಾಗಿ ಬಾಡಿಗೆಗೆ ಕೊಡಲೇಬೇಕಾಗುತ್ತದೆ. ಬಾಡಿಗೆ ಕೊಡುವವರು ಬರುವುದು ಸಂಜೆ ಆರರ ಮೇಲೆ, ಆಫೀಸು ಬಿಟ್ಟು. ಹುಡುಗರಿಗೆ ಶಾಲೆ ಬಿಟ್ಟು ಆಡಲು ಸಿಗುವುದೂ ಅದೇ ಹೊತ್ತು. ಮಕ್ಕಳ ಹೆಸರಿನಲ್ಲಿ ತಂದ ಅನುದಾನದ ಮೈದಾನಕ್ಕೆ ಮಕ್ಕಳೇ ಬಲೆಯ ಹೊರಗೆ ನಿಂತು ಇಣುಕುವುದನ್ನು ನಾನು ಬೇರೆ ಊರಿನಲ್ಲಿ ನೋಡಿದ್ದೇನೆ.

ಇನ್ನೊಂದು ಮಾತು, ಮೀಟಿಂಗಿನಲ್ಲಿ ಯಾರೂ ಎತ್ತದಿದ್ದದ್ದು. ನಮ್ಮ ಕಡೆ ಮೈದಾನ ಅಂದರೆ ಬರೀ ಆಟದ ಜಾಗ ಅಲ್ಲ. ಕಾರವಾರದ ಮಾಲಾದೇವಿ ಮೈದಾನವೇ ಇರಲಿ, ಕುಮಟಾದ ಮಣಕಿ ಮೈದಾನವೇ ಇರಲಿ, ಅಲ್ಲಿ ಟೂರ್ನಮೆಂಟೂ ನಡೆಯುತ್ತದೆ, ಸಭೆ ಸಮಾರಂಭವೂ ನಡೆಯುತ್ತದೆ. ನಮ್ಮ ಸಣ್ಣ ಮೈದಾನದಲ್ಲಿ ಚಳಿಗಾಲಕ್ಕೆ ಯಕ್ಷಗಾನದ ಡೇರೆ ಬೀಳುತ್ತದೆ, ಮದುವೆಯ ಗಾಡಿಗಳು ನಿಲ್ಲುತ್ತವೆ, ಶಾಲೆಯ ಕ್ರೀಡಾಕೂಟದಲ್ಲಿ ಗುಂಡು ಎಸೆಯುತ್ತಾರೆ, ಉಳಿದ ದಿನ ದನ ಮೇಯುತ್ತವೆ. ಟರ್ಫ್ ಹಾಕಿದ ಮೇಲೆ ಗೂಟ ಹೊಡೆಯುವ ಹಾಗಿಲ್ಲ, ಗಾಡಿ ನಿಲ್ಲಿಸುವ ಹಾಗಿಲ್ಲ, ಪಟಾಕಿ ಹಚ್ಚುವ ಹಾಗಿಲ್ಲ, ಎಲೆಯಡಿಕೆ ಉಗುಳುವ ಹಾಗಂತೂ ಇಲ್ಲವೇ ಇಲ್ಲ. ಬೇಲಿ ಬೇಕು, ಬೀಗ ಬೇಕು, ಬೀಗದ ಕೈ ಯಾರ ಹತ್ತಿರ ಅಂತ ಇನ್ನೊಂದು ಮೀಟಿಂಗ್ ಬೇಕು.

ಹಾಗಾದರೆ ಬೇಡವೇ? ಬೇಡ ಅನ್ನುತ್ತಿಲ್ಲ. ನಿತ್ಯ ಆಡುವ, ಮಳೆಗಾಲದಲ್ಲೂ ಆಡುವ ಹುಡುಗರಿಗೆ ಅದು ನಿಜವಾಗಿಯೂ ಉಪಕಾರ. ನಮ್ಮ ಮಣ್ಣಿನ ಮೈದಾನ ಜೂನ್‌ನಿಂದ ಅಕ್ಟೋಬರ್‌ವರೆಗೆ ಕೆಸರುಗದ್ದೆ, ಆ ಐದು ತಿಂಗಳಲ್ಲಿ ಎಷ್ಟು ಹುಡುಗರು ಆಟ ಬಿಟ್ಟು ಮೊಬೈಲ್ ಹಿಡಿದರು ಅಂತ ನನಗೆ ಗೊತ್ತು. ಅದಕ್ಕೇ ನಾವು ಪೂರ್ತಿ ಮೈದಾನದ ಆಸೆ ಬಿಟ್ಟೆವು. ಶಾಲೆಯ ಬದಿಯ ಎತ್ತರದ ಮೂಲೆಯಲ್ಲಿ, ಗುಂಡಿಯ ನೀರು ಇಂಗಿದ ಕಡೆ, 40 ಮೀಟರ್ ಉದ್ದ 20 ಮೀಟರ್ ಅಗಲದ ಒಂದು ಟರ್ಫ್. ಅದು 800 ಚದರ ಮೀಟರ್, ಪೂರ್ತಿ ಮೈದಾನದ ಒಂಬತ್ತನೇ ಒಂದು ಪಾಲು. 100 ಮಿಮೀ ಮಳೆಗೆ 80 ಸಾವಿರ ಲೀಟರ್, ಏಳು ಟ್ಯಾಂಕರ್. ಅಷ್ಟನ್ನು ಹೊರಗೆ ಸಾಗಿಸಬಹುದು. ಉಳಿದ ದೊಡ್ಡ ಜಾಗಕ್ಕೆ ಸುತ್ತ ಕಾಲುವೆ, ನಡುವೆ ಸ್ವಲ್ಪ ಎತ್ತರ, ಮೇಲೆ ಗರಿಕೆ. ದೊಡ್ಡ ಸ್ಟೇಡಿಯಂಗಳಲ್ಲಿ ಬರ್ಮುಡಾ ಹುಲ್ಲು ಅಂತ ಹೇಳುತ್ತಾರಲ್ಲ, ಅದು ನಾವು ಗಣಪತಿಗೆ ಏರಿಸುವ ಗರಿಕೆಯ ಜಾತಿಯೇ. ಹೆಸರು ಇಂಗ್ಲಿಷಿನಲ್ಲಿದ್ದರೆ ರೇಟು ಜಾಸ್ತಿ, ಅಷ್ಟೇ ವ್ಯತ್ಯಾಸ. ಡೇರೆಯೂ ಅಲ್ಲೇ, ದನವೂ ಅಲ್ಲೇ. ನಮ್ಮ ಹಿರಿಯ ಕ್ರಿಕೆಟಿಗರು ಆ ಭಾಗದ ನಡುವಿನ 22 ಗಜವನ್ನು ಈಗಲೇ ತಮ್ಮ ಹೆಸರಿಗೆ ಬರೆಸಿಕೊಂಡಿದ್ದಾರೆ.

ಗುತ್ತಿಗೆಯ ಕಾಗದದಲ್ಲಿ ಮೂರು ಮಾತು ಸೇರಿಸಿದ್ದೇವೆ. ಜಲ್ಲಿಯ ಪ್ರತಿ ಪದರ ಮುಗಿದಾಗ ನಾವು ಬಂದು ಪಟ್ಟಿ ಇಟ್ಟು ನೋಡಿದ ಮೇಲೆಯೇ ಮುಂದಿನ ಪದರ. ಎಂಟು ವರ್ಷದ ಗ್ಯಾರಂಟಿ ಅಂದರೆ ಯಾವುದಕ್ಕೆ, ಎಳೆಗೋ, ಕೂಡಿಸಿದ ಅಂಟಿಗೋ, ಅಡಿಪಾಯಕ್ಕೋ ಅಂತ ಬಿಡಿಸಿ ಬರೆಯಬೇಕು. ಮತ್ತೆ ಕೊನೆಯ ಕಂತು ಒಂದು ಪೂರ್ತಿ ಮಳೆಗಾಲ ಕಳೆದ ಮೇಲೆ, ದೀಪಾವಳಿಗೆ. ಈ ಮೂರನೆಯದನ್ನು ಕೇಳಿ ಇಬ್ಬರು ಗುತ್ತಿಗೆದಾರರು ಫೋನ್ ಎತ್ತುವುದನ್ನೇ ಬಿಟ್ಟರು. ಮೂರನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಜುಲೈಯಲ್ಲಿ ಬಂದು ನಿಮ್ಮ ಗುಂಡಿ ನೋಡುತ್ತೇನೆ, ರೇಟು ಆಮೇಲೆ ಹೇಳುತ್ತೇನೆ' ಅಂದರು. ನಾವೂ ಅವರಿಗೇ ಕಾಯುತ್ತಿದ್ದೇವೆ.